ಅಳಿಯ ಅಳತೆ ಕಲಿತದ್ದು

ಮೇಸ್ತ್ರಿಗೆ ತನ್ನ ಕಣ್ಣಳತೆಯ ಮೇಲೆ ಎಲ್ಲಿಲ್ಲದ ನಂಬಿಕೆ. ಐವತ್ತೆರಡರ ವಯಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಮರಗೆಲಸದಲ್ಲೇ ಕಳೆದವನು. ಬಾಗಿಲೋ ಕಪಾಟೋ ಮಂಚವೋ, ಯಾವುದೇ ಇರಲಿ, ಗೋಡೆಯನ್ನು ಒಂದು ಸಲ ನೋಡಿ, ತಲೆ ಸ್ವಲ್ಪ ಓರೆ ಮಾಡಿ, "ಮೂರಡಿ ಎರಡಿಂಚು" ಅಂದನೆಂದರೆ ಮುಗಿಯಿತು. ಮರದ ಕಾರ್ಖಾನೆಯ ಜೊತೆಗಾರರು ಪರೀಕ್ಷೆ ಮಾಡೋಣವೆಂದು ಟೇಪು ಹಿಡಿದರೆ ಮೂರಡಿ ಎರಡಿಂಚೇ ಬರುತ್ತಿತ್ತು. ಅವನ ಸ್ವಂತ ಟೇಪು ಮಾತ್ರ ಪೆಟ್ಟಿಗೆಯ ತಳ ಸೇರಿ, ತುಕ್ಕು ಹಿಡಿದು, ಎಳೆದರೆ ಅರ್ಧಕ್ಕೇ ಮುಷ್ಕರ ಹೂಡುತ್ತಿತ್ತು.

ಅವನ ಹೆಂಡತಿಯ ತಾಯಿಯದು ಇದಕ್ಕೆ ತದ್ವಿರುದ್ಧ. ಅತ್ತೆ ಹೊಲಿಗೆಯವರು. ಬೀದಿಯವರಿಗೆಲ್ಲ ಟೈಲರಮ್ಮ. ಮಕ್ಕಳ ಶಾಲೆಯ ಸಮವಸ್ತ್ರದಿಂದ ಹಿಡಿದು ದೊಡ್ಡವರ ಕೋಟಿನವರೆಗೆ ನಲವತ್ತು ವರ್ಷ ಹೊಲಿದಿದ್ದರು. ಅಳತೆ ಟೇಪು ಅವರ ಕೊರಳಿನಿಂದ ಇಳಿಯುತ್ತಿದ್ದದ್ದು ಮಲಗುವಾಗ ಮಾತ್ರ. ತೋಳು ಅಳೆದು ಬರೆದುಕೊಂಡ ಮೇಲೂ ಕತ್ತರಿ ಹಾಕುವ ಮುಂಚೆ ಗಿರಾಕಿಯನ್ನು ಕರೆದು ಇನ್ನೊಮ್ಮೆ ಅಳೆಯುವವರು. ಯಾರಾದರೂ ಗೊಣಗಿದರೆ, "ಬಟ್ಟೆ ಹಾಕ್ಕೊಳ್ಳೋದು ನೀವು ತಾನೆ? ಗೊಂಬೆ ಅಲ್ಲವಲ್ಲ, ತೋಳು ಎತ್ತಿ" ಅನ್ನುವವರು.

ಎಪ್ಪತ್ತನಾಲ್ಕರಲ್ಲೂ ಅವರು ಒಬ್ಬರೇ ಇದ್ದರು, ಅಳಿಯನ ಮನೆಯಿಂದ ಎರಡು ಬೀದಿ ಆಚೆ, ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಕಿಟಕಿಯ ಬೆಳಕು ನೇರ ಬೀಳುವ ಕಡೆ ಹೊಲಿಗೆ ಮಿಷನ್ನು. ಆ ಮನೆಯ ಬಾಗಿಲುಗಳನ್ನೆಲ್ಲ ಮಾಡಿಕೊಟ್ಟವನು ಮೇಸ್ತ್ರಿಯೇ. ಮದುವೆಯಾದ ಹೊಸತರಲ್ಲಿ, ಅತ್ತೆಯ ಕಣ್ಣಿಗೆ ಒಳ್ಳೆಯವನಾಗಲು ಹೊರಟ ಕಾಲದಲ್ಲಿ, ಗಟ್ಟಿ ಮರದಲ್ಲಿ ಮಾಡಿದ ಬಾಗಿಲುಗಳು.

ಒಂದು ಬೆಳಗ್ಗೆ ಅತ್ತೆ ಫೋನ್ ಎತ್ತಲಿಲ್ಲ. ಮಗಳು ಮೂರು ಸಲ ಮಾಡಿದಳು. ನಾಲ್ಕನೆಯ ಸಲಕ್ಕೆ ಗಂಡನನ್ನು ಎಬ್ಬಿಸಿ ಓಡಿಸಿದಳು. ಮೇಸ್ತ್ರಿ ತನ್ನ ಬಳಿಯಿದ್ದ ಬೀಗದ ಕೈಯಿಂದ ಮುಂಬಾಗಿಲು ತೆಗೆದು ಒಳಗೆ ಹೋದ. ಬಚ್ಚಲಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

"ಅತ್ತೆ?"

"ಇಲ್ಲೇ ಇದ್ದೀನಿ, ಅಳಿಯಂದ್ರೆ. ಎಲ್ಲೂ ಹೋಗೋ ಹಾಗಿಲ್ಲ" ಎಂದು ಒಳಗಿನಿಂದ ದನಿ ಬಂತು. ಚಿಲಕ ಹಾಕಿ ತಿರುಗುವಾಗ ಹೊಸ್ತಿಲಿನ ಅಂಚಿಗೆ ಕಾಲು ತಾಗಿ ಬಿದ್ದು, ಎಡಗೈ ಮಣಿಕಟ್ಟು ಊದಿ, ಎರಡು ಗಂಟೆಯಿಂದ ಒದ್ದೆ ನೆಲದ ಮೇಲೆ ಕೂತಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅದಕ್ಕೆ ಬೆನ್ನು ಕೊಟ್ಟು ಕೂತವರಿಗೆ ಸರಿಯಲೂ ಆಗುತ್ತಿರಲಿಲ್ಲ, ಚಿಲಕ ಎಟುಕುತ್ತಲೂ ಇರಲಿಲ್ಲ. ಮೇಸ್ತ್ರಿ ಕೀಲುಗಳ ಕಡೆಯಿಂದ ಉಳಿ ಹಾಕಿ, ತಾನೇ ಮಾಡಿದ ಬಾಗಿಲನ್ನು ತಾನೇ ಒಡೆಯಬೇಕಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಇಷ್ಟು ಗಟ್ಟಿಯಾಗಿ ಯಾಕಪ್ಪಾ ಮಾಡಿದೆ ಎಂದು ತನ್ನ ಕೈಗಳನ್ನೇ ಬೈದುಕೊಂಡ. ಒಳಗಿನಿಂದ ಅತ್ತೆ ಸಮಾಧಾನ ಹೇಳುತ್ತಿದ್ದರು. "ನಿಧಾನ, ನಿಧಾನ. ಒಳ್ಳೆ ಮರ. ಹಾಳಾಗಬಾರದು."

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆ ಆರು ವಾರ ಅತ್ತೆ ಮಗಳ ಮನೆಯಲ್ಲಿ ಇರುವುದಕ್ಕೆ ಒಪ್ಪಿದರು, ಒಲ್ಲದ ಮನಸ್ಸಿನಿಂದಲೇ. ಮಗಳಿಗೆ ಅಷ್ಟು ಸಾಲದು.

"ಅಮ್ಮ, ಇನ್ನು ಆ ಮನೆ ಸಾಕು. ಸಾಮಾನೆಲ್ಲ ಇಲ್ಲಿಗೇ ತರಿಸ್ತೀನಿ" ಎಂದಳು.

"ನಿನ್ನ ಮನೇಲಿ ನಾನು ನೆಂಟಳು. ಅಲ್ಲಿ ನಾನು ಯಜಮಾನಿ" ಎಂದರು ಅತ್ತೆ.

"ಬಿದ್ದು ಎರಡು ಗಂಟೆ ಕೂತಿದ್ದೆಯಲ್ಲ, ಯಜಮಾನಿ."

"ಕೂತಿದ್ದೆ. ಹಾಗಂತ ಉಳಿದ ಆಯುಸ್ಸೆಲ್ಲ ನಿನ್ನ ಸೋಫಾ ಮೇಲೆ ಕೂರ್ಲಾ?"

ತಾಯಿ ಮಗಳು ಇಬ್ಬರದೂ ಒಂದೇ ಹಟ. ಒಬ್ಬರು ಹಗ್ಗದ ಈ ತುದಿ ಎಳೆದರೆ ಇನ್ನೊಬ್ಬರು ಆ ತುದಿ. ನಡುವೆ ಸಿಕ್ಕಿದ ಮೇಸ್ತ್ರಿ ಮೂರನೆಯ ದಿನ ಬಾಯಿ ಬಿಟ್ಟ. "ಆರು ವಾರ ಇದೆಯಲ್ಲ. ಬೀಳದ ಹಾಗೆ ಆ ಮನೇನ ನಾನು ಸರಿಮಾಡಿ ಕೊಡ್ತೀನಿ. ಆಮೇಲೆ ಅತ್ತೆ ಒಂದು ದಿನ ಪೂರ್ತಿ ಅಲ್ಲಿ ಒಬ್ಬರೇ ಎಲ್ಲ ಮಾಡ್ಕೊಳ್ಲಿ. ನೀನು ಪಕ್ಕದಲ್ಲಿ ಕೂತು ನೋಡು, ಕೈ ಹಚ್ಚಬೇಡ. ನಿನಗೆ ಸರಿ ಕಂಡರೆ ಅವರು ಅಲ್ಲೇ ಇರಲಿ." ಇಬ್ಬರೂ ಒಪ್ಪಿದರು. ಇಬ್ಬರಿಗೂ ಗೆಲ್ಲುವವಳು ತಾನೇ ಎಂಬ ಧೈರ್ಯ.

ಮೇಸ್ತ್ರಿ ಆ ವಾರವೇ ಕೆಲಸ ಶುರುಮಾಡಿದ. ಬಚ್ಚಲಿನಲ್ಲಿ ಎರಡು, ಮಂಚದ ಬಳಿ ಒಂದು, ಅಡುಗೆಮನೆಯಲ್ಲಿ ಒಂದು, ಹೀಗೆ ನಾಲ್ಕು ಹಿಡಿಕಂಬಿ. ಒಳ್ಳೆಯ ಮರ ಆರಿಸಿ, ದುಂಡಗೆ ಕೆತ್ತಿ, ಕನ್ನಡಿಯ ಹಾಗೆ ಹೊಳೆಯುವಂತೆ ಪಾಲಿಶ್ ಹಾಕಿ, ಗೋಡೆಗೆ ಬಿಗಿದ. ಎಲ್ಲ ಕಣ್ಣಳತೆ. ಎರಡೇ ದಿನದಲ್ಲಿ ಮುಗಿಯಿತು. ಅತ್ತೆಯನ್ನು ಕರೆತಂದು ತೋರಿಸಿ, ಹೊಗಳಿಕೆಗೆ ಕಾದು ನಿಂತ.

ಅತ್ತೆ ಬಚ್ಚಲಿನ ಕಂಬಿಯ ಮುಂದೆ ನಿಂತು ಬಲಗೈ ಎತ್ತಿದರು. ಬೆರಳ ತುದಿ ಮುಟ್ಟಿತು, ಅಷ್ಟೆ. ಕಮೋಡಿನ ಮೇಲೆ ಕೂತು ನೋಡಿದರು. ಎರಡನೆಯ ಕಂಬಿ ಬೆನ್ನ ಹಿಂದೆ ಉಳಿಯಿತು. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಕಂಬಿಯೋ ಪಾಲಿಶಿಗೆ ಜಾರಿತು.

"ಚೆನ್ನಾಗಿದೆ" ಎಂದರು. "ಯಾರಿಗೆ ಮಾಡಿದ್ದು?"

"ನಿಮಗೇ, ಅತ್ತೆ."

"ನನ್ನ ಅಳತೆ ತಗೊಂಡ್ರಾ?"

"ಗೋಡೆ ನೋಡ್ಕೊಂಡೆನಲ್ಲ."

"ಬಿದ್ದದ್ದು ಗೋಡೆನಾ, ನಾನಾ?"

ಅತ್ತೆ ಕೊರಳಿನ ಟೇಪು ತೆಗೆದು ಅವನ ಕೈಗಿಟ್ಟರು. "ಹೆಸರಿಗೆ ಮಾತ್ರ ಅಳಿಯ. ಒಂದು ದಿನವಾದರೂ ಏನನ್ನಾದರೂ ಅಳೆದಿದ್ದೀರಾ? ಹಿಡೀರಿ, ಹೇಳ್ತೀನಿ."

ಅವತ್ತು ಮಧ್ಯಾಹ್ನ ಅತ್ತೆ ನಿಂತು, ಕೂತು, ಬಗ್ಗಿ, ತಮ್ಮನ್ನು ತಾವೇ ಅಳೆಸಿಕೊಂಡರು. ನೆಲದಿಂದ ಮೊಣಕೈಗೆ ಎಷ್ಟು, ಕೂತಾಗ ಮೊಣಕಾಲಿಗೆ ಎಷ್ಟು, ನೋವಿಲ್ಲದೆ ಪಾದ ಎಷ್ಟು ಎತ್ತರ ಏಳುತ್ತದೆ, ಮುಷ್ಟಿಯೊಳಗೆ ಎಷ್ಟು ದಪ್ಪದ ಕೋಲು ಹಿಡಿಯುತ್ತದೆ. ಮೇಸ್ತ್ರಿ ಹಳೆಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಅಷ್ಟಕ್ಕೇ ಬಿಡಲಿಲ್ಲ ಅವರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರೊಂದನ್ನು ಕೊಟ್ಟು, "ಈಗ ನಾನು ದಿನಾ ಓಡಾಡೋ ಹಾಗೆ ಓಡಾಡ್ತೀನಿ. ನನ್ನ ಕೈ ಎಲ್ಲೆಲ್ಲಿ ಹೋಗುತ್ತೋ ಅಲ್ಲಲ್ಲಿ ಗುರುತು ಹಾಕ್ತಾ ಬನ್ನಿ" ಎಂದರು.

ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ, ಅಲ್ಲಿಂದ ಮಿಷನ್ನಿಗೆ. ಮೇಸ್ತ್ರಿ ಹಿಂದೆ ಹಿಂದೆ ನಡೆದ. ಅರ್ಧ ಗಂಟೆಯಲ್ಲಿ ಮನೆಯಿಡೀ ಬಿಳಿ ಗೆರೆ. ಕುರ್ಚಿಯ ಬೆನ್ನು, ಕಪಾಟಿನ ಅಂಚು, ಕಿಟಕಿಯ ಸರಳು, ಬಾಗಿಲ ಚೌಕಟ್ಟು, ಟವೆಲು ಹಾಕುವ ಕಡ್ಡಿ. ಒಂದು ಹೆಜ್ಜೆಯನ್ನೂ ಅವರು ಏನನ್ನೂ ಹಿಡಿಯದೆ ಇಟ್ಟಿರಲಿಲ್ಲ. ಟವೆಲು ಕಡ್ಡಿಯ ಸ್ಕ್ರೂಗಳು ಗೋಡೆಯಿಂದ ಅರ್ಧ ಹೊರಗೆ ಬಂದಿದ್ದವು.

ಮೇಸ್ತ್ರಿ ಆ ಸ್ಕ್ರೂ ಅಲ್ಲಾಡಿಸಿ ನೋಡಿದ. "ಅತ್ತೆ, ಇದು ಇವತ್ತು ನಿನ್ನೆಯದಲ್ಲ."

ಅತ್ತೆ ಮಿಷನ್ನಿನ ಮುಂದೆ ಕೂತರು. "ಎರಡು ವರ್ಷ ಆಯ್ತು" ಎಂದರು. "ಕಾಲಿನ ಮೇಲೆ ನಂಬಿಕೆ ಹೋಗಿ. ಹೇಳಿದ್ರೆ ನಿಮ್ಮಾಕೆ ಅವತ್ತೇ ಗಂಟುಮೂಟೆ ಕಟ್ಟಿಸ್ತಿದ್ದಳು. ಅದಕ್ಕೇ ಹೇಳಲಿಲ್ಲ. ನೀವೂ ಹೇಳಬೇಡಿ."

ಮೂವತ್ತು ವರ್ಷದಲ್ಲಿ ಅತ್ತೆ ಅವನನ್ನು ಏನನ್ನೂ ಕೇಳಿಕೊಂಡಿರಲಿಲ್ಲ. ಕಂಬಿ ಹಾಕಲು ಬಂದವನಿಗೆ ಈ ಮನೆಯಲ್ಲಿ ಅವರು ಎರಡು ವರ್ಷ ಹೇಗೆ ನಡೆದಿದ್ದರು ಎಂಬುದು ಆ ಸುಣ್ಣದ ಗೆರೆಗಳಿಂದ ಗೊತ್ತಾಗಿತ್ತು. "ಹೇಳಲ್ಲ" ಎಂದ. "ಆದ್ರೆ ಇನ್ನು ಮೇಲೆ ಏನಾದರೂ ಆದ್ರೆ ನನಗೆ ಹೇಳ್ಬೇಕು."

"ಆಗಲಿ."

ನಾಲ್ಕೂ ಕಂಬಿ ಕಿತ್ತು ಹೊಸದು ಮಾಡಿದ. ಈ ಸಲ ಗೆರೆ ಇದ್ದ ಕಡೆಯೇ, ಅತ್ತೆಯ ಮುಷ್ಟಿಗೆ ಸರಿಯಾದ ದಪ್ಪಕ್ಕೆ, ಪಾಲಿಶ್ ಇಲ್ಲದೆ. ಬಚ್ಚಲಿನ ಹೊಸ್ತಿಲು ಕೆತ್ತಿ ನೆಲಸಮ ಮಾಡಿದ. ಹೊಸ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿ, ಹೊರಗಿನಿಂದಲೂ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆಗೆಯುವಂಥ ಚಿಲಕ ಹಾಕಿದ. ಕುರ್ಚಿಯ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ. ಮಂಚದಿಂದ ಕೈಚಾಚಿದರೆ ಸಿಗುವ ಕಡೆ ದೀಪದ ಸ್ವಿಚ್ಚು. ಕೆಳಗಿನ ಮನೆಯವರನ್ನು ಕೇಳಿ, ಮೆಟ್ಟಿಲಿನ ಒಂದೇ ಕಡೆ ಇದ್ದ ಹಿಡಿಯನ್ನು ಎರಡೂ ಕಡೆ ಮಾಡಿದ.

ಜಗಳ ಬಂದದ್ದು ಸ್ಟೂಲಿನ ವಿಷಯಕ್ಕೆ. ಮೂರು ಕಾಲಿನ ಆ ಸ್ಟೂಲು ಹತ್ತಿ ಅತ್ತೆ ಅಟ್ಟದಿಂದ ಸಾಮಾನು ಇಳಿಸುತ್ತಿದ್ದರು. ಮೇಸ್ತ್ರಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅದು ನಿಮಗಿಂತ ಮುಂಚೆ ಈ ಮನೆಗೆ ಬಂದದ್ದು."

"ನನಗೆ ಎರಡು ಕಾಲು, ಅದಕ್ಕೆ ಮೂರು. ಆದರೂ ನನ್ನನ್ನೇ ನಂಬಿ, ಅತ್ತೆ. ಅಟ್ಟದಲ್ಲಿ ಅಂಥದ್ದೇನಿದೆ?"

ಇದ್ದದ್ದು ನಲವತ್ತು ವರ್ಷದ ಕಾಗದದ ಮಾದರಿಗಳು. ಯಾರ್ಯಾರ ಬೆನ್ನು, ಯಾರ್ಯಾರ ತೋಳು, ಎಲ್ಲ ಕಂದು ಕಾಗದದಲ್ಲಿ ಕತ್ತರಿಸಿ, ಸುತ್ತಿ, ದಾರ ಕಟ್ಟಿ ಇಟ್ಟದ್ದು. ಮೇಸ್ತ್ರಿ ಅವನ್ನೆಲ್ಲ ಇಳಿಸಿ, ಸೊಂಟದ ಎತ್ತರಕ್ಕೆ ಒಂದು ಗೂಡುಕಪಾಟು ಮಾಡಿ ಜೋಡಿಸಿದ. ಹುಡುಕುತ್ತಾ ಹೋದಾಗ ಅವನದೇ ಮದುವೆಯ ಕೋಟಿನ ಮಾದರಿ ಸಿಕ್ಕಿತು. "ಆಗ ನಿಮಗೆ ಸೊಂಟ ಅಂತ ಒಂದಿತ್ತು" ಎಂದರು ಅತ್ತೆ. ಸ್ಟೂಲು ಹೊರಗೆ ಹೋಯಿತು.

ಪ್ಲಾಸ್ಟರ್ ಬಿಚ್ಚಿದ ಮರುವಾರ ಪರೀಕ್ಷೆಯ ದಿನ. ಹಿಂದಿನ ರಾತ್ರಿಯೇ ಅತ್ತೆ ತಮ್ಮ ಮನೆಗೆ ಬಂದು ಮಲಗಿದ್ದರು. ಮಗಳು ಗಂಡನ ಜೊತೆ ಬೆಳಗ್ಗೆ ಆರೂವರೆಗೇ ಬಂದು ಕೋಣೆಯ ಮೂಲೆಯಲ್ಲಿ ಕೈಕಟ್ಟಿ ಕೂತಳು. ಅತ್ತೆ ಎದ್ದರು, ಸ್ನಾನ ಮಾಡಿದರು, ಟೀ ಕಾಯಿಸಿದರು, ಅನ್ನಕ್ಕಿಟ್ಟರು, ಮೆಟ್ಟಿಲಿಳಿದು ತರಕಾರಿ ತಂದರು. ಅವರು ಬಗ್ಗಿದಾಗಲೆಲ್ಲ ಮಗಳು ಅರ್ಧ ಎದ್ದು ನಿಲ್ಲುವಳು, ಮೇಸ್ತ್ರಿ ಕೆಮ್ಮುವನು, ಮತ್ತೆ ಕೂರುವಳು. ಸಂಜೆಯ ಹೊತ್ತಿಗೆ ಅತ್ತೆಗಿಂತ ಅವಳೇ ಹೆಚ್ಚು ದಣಿದಿದ್ದಳು. ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದವಳು ಒದ್ದೆ ಕಾಲಿನಲ್ಲಿ ಜಾರಿದಳು. ಕೈ ತಾನಾಗಿ ಕಂಬಿಗೆ ಹೋಯಿತು. ಬೀಳಲಿಲ್ಲ.

ಹೊರಗೆ ಬಂದವಳ ಮುಖ ಬಿಳಿಚಿಕೊಂಡಿತ್ತು. ಅತ್ತೆ ಟೀ ಲೋಟ ಮುಂದಿಟ್ಟು, "ನೀನೂ ನಮ್ಮನೆಗೇ ಬಂದುಬಿಡೆ. ನಿನ್ನ ಮನೇಲಿ ಹಿಡ್ಕೊಳ್ಳೋಕೆ ಒಂದು ಕಂಬಿಯೂ ಇಲ್ಲ" ಎಂದರು. ಮಗಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಇರಮ್ಮ, ಇಲ್ಲೇ ಇರು. ಆದ್ರೆ ಫೋನು ಜೇಬಲ್ಲೇ ಇಟ್ಕೋ." ಅತ್ತೆ ಅವತ್ತೇ ತಮ್ಮ ಎಲ್ಲ ಬಟ್ಟೆಗೂ ಫೋನು ಹಿಡಿಸುವಷ್ಟು ಜೇಬು ಹೊಲಿಯಲು ಕೂತರು.

ಮಾತು ಕೆಳಗಿನ ಮನೆಗೆ ಇಳಿಯಲು ತಡವಾಗಲಿಲ್ಲ. ಅಲ್ಲಿದ್ದವರು ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಎಪ್ಪತ್ತೊಂಬತ್ತು ವರ್ಷ, ಹೆಂಡತಿ ತೀರಿಕೊಂಡು ಆರು ವರ್ಷ, ಪೊದೆಯಂಥ ಮೀಸೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಪೈಕಿ. ಎರಡು ಸಲ ಬಚ್ಚಲಿನಲ್ಲಿ ಬಿದ್ದದ್ದು ಸದ್ದಿನಿಂದಲೇ ಮೇಲಿನ ಮನೆಗೆ ಗೊತ್ತಾಗಿತ್ತು. ಕೇಳಿದರೆ, "ಬಕೆಟ್ಟು ಬಿತ್ತು" ಅನ್ನುತ್ತಿದ್ದರು. ಅತ್ತೆ ಅಳಿಯನನ್ನು ಕರೆದುಕೊಂಡು ಒಂದು ಭಾನುವಾರ ಇಳಿದು ಹೋದರು.

"ನನಗೇನೂ ಬೇಡ ಟೈಲರಮ್ಮ" ಎಂದರು ಕಂಡಕ್ಟರು. "ಮನೆ ತುಂಬ ಕಂಬಿ ಹಾಕಿಸಿ, ಈ ವಯಸ್ಸಲ್ಲಿ ನನ್ನನ್ನ ಕಂಬಿ ಎಣಿಸೋ ಹಾಗೆ ಮಾಡ್ತೀರಾ?"

"ಮೂವತ್ತು ವರ್ಷ ನೀವು ಊರಿನವರಿಗೆಲ್ಲ ಏನು ಹೇಳ್ತಿದ್ರಿ?"

"ಟಿಕೆಟ್ ತಗೊಳ್ಳಿ ಅಂತಿದ್ದೆ."

"ಅದಾದ ಮೇಲೆ?"

ಕಂಡಕ್ಟರು ಮೀಸೆ ನೇವರಿಸಿಕೊಂಡರು. "ಒಳಗೆ ನಡೀರಿ, ಮೇಲಿನ ಕಂಬಿ ಹಿಡ್ಕೊಳ್ಳಿ ಅಂತಿದ್ದೆ."

"ಹಿಡ್ಕೊಂಡವರೆಲ್ಲ ಮುದುಕರಾ?"

ಕಂಡಕ್ಟರು ಮೇಸ್ತ್ರಿಗೆ ದಾರಿ ಬಿಟ್ಟು, "ಒಳಗೆ ನಡೀರಿ" ಎಂದರು.

ಹೀಗೆ ಒಂದು ಮನೆ ಎರಡಾಯಿತು, ಎರಡು ಹತ್ತಾಯಿತು. ಮೊದಮೊದಲು ಭಾನುವಾರ ಮಾತ್ರ. ವರ್ಷ ಕಳೆಯುವ ಹೊತ್ತಿಗೆ ಮೇಸ್ತ್ರಿ ಕಾರ್ಖಾನೆಗೆ ಹೋಗುವುದನ್ನೇ ಬಿಟ್ಟ. ಜೊತೆಗಾರರು, "ಸಿಂಹಾಸನ ಮಾಡೋ ಕೈ, ಕಂಬಿ ಹಾಕ್ತಾ ತಿರುಗ್ತಿದೆ" ಎಂದು ಮೂಗುಮುರಿದರು. ಊರಿನವರು ಕಂಬಿ ಮೇಸ್ತ್ರಿ ಎಂದರು. ಅವನು ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಮನೆಗೆ ಹೋಗುವಾಗ ಅತ್ತೆಯೂ ಜೊತೆಗೆ ಹೊರಡುತ್ತಿದ್ದರು, ಟೇಪು ಹಾಕಿಕೊಂಡು. ಮೇಸ್ತ್ರಿ ಹೇಳಿದರೆ ಸಿಡುಕುವ ಹಿರಿಯರು ಅತ್ತೆಯ ಮುಂದೆ ತೋಳೆತ್ತಿ ನಿಲ್ಲುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಅತ್ತೆ, "ಅಳಿಯ ಅಲ್ಲ, ಮಗಳ ಗಂಡ" ಎಂದು ಪರಿಚಯ ಮಾಡಿಕೊಡುವರು.

ಎಲ್ಲ ಕಡೆಯೂ ಸಲೀಸಾಗಿ ನಡೆಯಿತು ಅಂತಲ್ಲ. ಒಂದು ಮನೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು. ಅವರ ಮಗಳು ಫೋನಿನಲ್ಲೇ ಎಲ್ಲ ಹೇಳಿದ್ದಳು, ಎಲ್ಲಿ ಏನು ಬೇಕು ಎಂದು ಪಟ್ಟಿ ಕಳಿಸಿದ್ದಳು. ಅತ್ತೆಗೆ ಅವತ್ತು ನೆಗಡಿ, ಬರಲಿಲ್ಲ. ಮೇಸ್ತ್ರಿ ಪಟ್ಟಿಯ ಪ್ರಕಾರ ಏಳು ಕಂಬಿ ಹಾಕಿದ. ಹಿರಿಯರು ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು, ಒಂದು ಮಾತೂ ಆಡಲಿಲ್ಲ. ವಾರ ಬಿಟ್ಟು ನೋಡಲು ಹೋದರೆ ಏಳೂ ಕಂಬಿ ಮೇಜಿನ ಮೇಲೆ ಮಲಗಿದ್ದವು. ಪಕ್ಕದಲ್ಲಿ ಪತ್ರಿಕೆ ಹಾಸಿ, ಇಪ್ಪತ್ತೆಂಟು ಸ್ಕ್ರೂಗಳನ್ನು ಸಾಲಾಗಿ ಜೋಡಿಸಿದ್ದರು. ಗೋಡೆಯ ತೂತುಗಳಿಗೆ ಸುಣ್ಣವನ್ನೂ ಮೆತ್ತಿದ್ದರು.

"ಕೆಲಸ ಚೆನ್ನಾಗಿತ್ತು" ಎಂದರು. "ನನ್ನನ್ನ ಯಾರೂ ಕೇಳಲಿಲ್ಲ, ಅಷ್ಟೆ."

ಮೇಸ್ತ್ರಿಗೆ ಕೋಪ ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಸಾಮಾನು ಪೆಟ್ಟಿಗೆ ಕೆಳಗಿಟ್ಟು, ಅವರ ಎದುರು ಕೂತ. "ಸರಿ, ಈಗ ಕೇಳ್ತೀನಿ. ಈ ಮನೇಲಿ ನಿಮಗೆ ಮಾಡಬೇಕು ಅಂತಿದ್ದು ಮಾಡಕ್ಕಾಗದೇ ಇರೋದು ಏನಾದರೂ ಇದೆಯಾ?"

ಹಿರಿಯರು ಹಿತ್ತಲ ಬಾಗಿಲಿನ ಕಡೆ ಕೈ ತೋರಿದರು. "ಹಿತ್ತಲಿಗೆ ಮೂರು ಮೆಟ್ಟಿಲು" ಎಂದರು. "ಸಂಜೆ ಬಿಸಿಲಿಗೆ ಅಲ್ಲಿ ಕೂರ್ತಿದ್ದೆ. ಹೋದ ವರ್ಷದಿಂದ ಇಳಿದಿಲ್ಲ."

ಮೇಸ್ತ್ರಿ ಆ ಮೂರು ಮೆಟ್ಟಿಲಿಗೆ ಒಂದೇ ಒಂದು ಕಂಬಿ ಹಾಕಿ, ಉಳಿದ ಆರನ್ನು ಚೀಲಕ್ಕೆ ತುಂಬಿಕೊಂಡು ಬಂದ. ಮೂರು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. "ಬಚ್ಚಲಿನದೂ ಹಾಕಿಬಿಡಿ. ಸ್ಕ್ರೂ ನನ್ನ ಹತ್ತಿರಾನೇ ಇವೆ."

ಅಂದಿನಿಂದ ಮೇಸ್ತ್ರಿ ಪಟ್ಟಿ ಹಿಡಿದು ಯಾರ ಮನೆಗೂ ಹೋಗಲಿಲ್ಲ. ಮೊದಲು ಕೂತು ಕೇಳುವುದು, ಆಮೇಲೆ ಉಳಿದದ್ದು.

ಈಗ ಅತ್ತೆಗೆ ಎಂಬತ್ತೊಂದು. ಅದೇ ಎರಡು ಕೋಣೆ, ಅದೇ ಕಿಟಕಿ. ಮಿಷನ್ನಿಗೆ ಮೋಟಾರು ಬಂದಿದೆ. ದಿನಾ ಬೆಳಗ್ಗೆ ಏಳಕ್ಕೆ ಅವರು ಊರುಗೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟುತ್ತಾರೆ. ಕೆಳಗಿನಿಂದ ಕಂಡಕ್ಟರು ಕಸಪೊರಕೆಯ ಹಿಡಿಯಿಂದ ಚಾವಣಿಗೆ ಮೂರು ಸಲ ಕುಟ್ಟುತ್ತಾರೆ. ಟೈಲರಮ್ಮನನ್ನು ನೋಡಿಕೊಳ್ಳುತ್ತಿರುವವನು ತಾನು ಎಂದು ಕಂಡಕ್ಟರು ಎಲ್ಲರ ಹತ್ತಿರ ಹೇಳಿಕೊಂಡಿದ್ದಾರೆ. ಪಾಪ, ಆ ಮನುಷ್ಯನನ್ನು ನೋಡಿಕೊಳ್ಳುವವರು ಯಾರಿದ್ದಾರೆ, ಅದಕ್ಕೇ ನಾನು ಕುಟ್ಟೋದು ಎನ್ನುತ್ತಾರೆ ಅತ್ತೆ.

ಕಳೆದ ತಿಂಗಳು ಒಂದು ದಿನ ಏಳು ಗಂಟೆಗೆ ಮೇಲಿನಿಂದ ಸದ್ದು ಬರಲಿಲ್ಲ. ಏಳೂ ಕಾಲಾಯಿತು. ಕಂಡಕ್ಟರು ಪೊರಕೆಯಿಂದ ಕುಟ್ಟಿ ಕುಟ್ಟಿ ಗಾರೆ ಉದುರಿಸಿದರು. ಎರಡೂ ಕಡೆಯ ಹಿಡಿ ಹಿಡಿದು ಮೆಟ್ಟಿಲು ಹತ್ತಿ ಬಾಗಿಲು ಬಡಿದರು. ಉತ್ತರವಿಲ್ಲ. ಫೋನ್ ಮಾಡಿದರೆ ಅದು ಒಳಗೇ ರಿಂಗಾಯಿತು. ಮೇಸ್ತ್ರಿಗೆ ತಿಳಿಸಿದರು. ಹಲ್ಲುಜ್ಜುತ್ತಿದ್ದವನು ಬಾಯಿ ಒರೆಸಿಕೊಂಡು ಬೀಗದ ಕೈ ಹಿಡಿದು ಓಡಿದ. ಹೆಂಡತಿ ಹಿಂದೆಯೇ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಗಂಡನದು.

ಬೀದಿಯ ತಿರುವಿನಲ್ಲಿ ಎದುರಿಗೆ ಅತ್ತೆ ಬರುತ್ತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಚೀಲ. ನಿಧಾನವಾಗಿ, ಗೋಡೆಯ ಬದಿಯಲ್ಲಿ.

"ಎಲ್ಲಿಗೆ ಓಡ್ತಿದ್ದೀರಿ, ಇಬ್ಬರೂ?" ಎಂದರು.

"ನಿಮ್ಮನ್ನ ನೋಡೋದಕ್ಕೆ" ಎಂದ ಮೇಸ್ತ್ರಿ ಏದುಸಿರು ಬಿಡುತ್ತಾ.

"ಕೋಟಿಗೆ ಎರಡು ಗುಂಡಿ ಕಡಿಮೆ ಬಿದ್ದಿತ್ತು. ಮೂಲೆ ಅಂಗಡಿಯವನು ಆರೂವರೆಗೇ ತೆಗೀತಾನೆ. ಬೇಗ ಹೋಗಿ ಬರೋಣ ಅಂತ ಹೊರಟೆ. ಅವಸರದಲ್ಲಿ ಇನ್ನೊಂದು ಬಟ್ಟೆ ಹಾಕ್ಕೊಂಡೆ, ಫೋನು ಬಿಚ್ಚಿಟ್ಟ ಬಟ್ಟೆ ಜೇಬಲ್ಲೇ ಉಳೀತು."

ಮಗಳಿಗೆ ಬೈಯಲು ಉಸಿರು ಸಾಲಲಿಲ್ಲ. ಅಮ್ಮನ ಕೈಯಿಂದ ಚೀಲ ತೆಗೆದುಕೊಳ್ಳಲು ಹೋದಳು. ಅತ್ತೆ ಕೊಡಲಿಲ್ಲ. ಅವಳ ಪಾದ ನೋಡಿ, "ಮೊದಲು ನಿನ್ನ ಚಪ್ಪಲಿ ಸರಿಮಾಡ್ಕೋ, ಬಿದ್ದೀಯ" ಎಂದರು.

ಮೂವರೂ ಮೆಟ್ಟಿಲ ಬಳಿ ಬಂದಾಗ ಕಂಡಕ್ಟರು ಮೊದಲ ಮಹಡಿಯಲ್ಲಿ ಪೊರಕೆ ಹಿಡಿದು ನಿಂತಿದ್ದರು, ಕಾವಲುಗಾರನ ಹಾಗೆ. ಅತ್ತೆಯನ್ನು ಕಂಡು ಮೀಸೆಯಡಿಯಲ್ಲಿ ಏನೋ ಗೊಣಗಿದರು. ಯಾರಿಗೂ ಕೇಳಿಸಲಿಲ್ಲ.

"ಗುಂಡಿ ನಿಮ್ಮ ಕೋಟಿಂದೇ, ಕಂಡಕ್ಟರೆ" ಎಂದರು ಅತ್ತೆ ಮೆಟ್ಟಿಲು ಹತ್ತುತ್ತಾ. "ಬನ್ನಿ, ಟೀ ಕುಡಿದು ಅಳತೆ ನೋಡೋಣ."